ನಾಡಿ ಅರವತ್ತಕ್ಕೆ ಇಳಿಯುವ ಹೊತ್ತು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸಿಯೆರಾ ತಪ್ಪಲಿನ 50 ಮೈಲಿ ಎಂಡ್ಯೂರೆನ್ಸ್ (ದೂರದ ಕುದುರೆ ಸವಾರಿ) ಸ್ಪರ್ಧೆಗಳಲ್ಲಿ ನನ್ನ ಅರಬ್ಬಿ ಕುದುರೆಯ ನಾಡಿ ಈಗ ಪಶುವೈದ್ಯರ ತಪಾಸಣಾ ಸ್ಥಳ ಮುಟ್ಟಿದ ಮೂರು ನಾಲ್ಕು ನಿಮಿಷಗಳಲ್ಲಿ ನಿಮಿಷಕ್ಕೆ 60ಕ್ಕೆ ಇಳಿಯುತ್ತದೆ. ಹಿಂದೆ ಹನ್ನೆರಡು ಹದಿನೈದು ನಿಮಿಷ ಹಿಡಿಯುತ್ತಿತ್ತು. ನಾಡಿ ಇಳಿಸಲು ಅರ್ಧ ಗಂಟೆಯ ಅವಕಾಶವಿರುವಾಗ ಅವಸರವೇಕೆ ಎಂದು ಕೇಳುವವರಿದ್ದಾರೆ. ನಾಡಿ ಇಳಿದ ಮೇಲೆಯೇ ಕಡ್ಡಾಯ ವಿರಾಮದ ಲೆಕ್ಕ ಆರಂಭವಾಗುವುದರಿಂದ, ಅಲ್ಲಿಯವರೆಗಿನ ಪ್ರತಿ ನಿಮಿಷವೂ ಸವಾರಿಯ ಸಮಯಕ್ಕೇ ಸೇರುತ್ತದೆ. 25 ಮೈಲಿಯ ಸವಾರಿಗಳಲ್ಲಂತೂ ಗೆರೆ ದಾಟಿದ ಹೊತ್ತಲ್ಲ, ನಾಡಿ ಇಳಿದ ಹೊತ್ತೇ ಮುಕ್ತಾಯದ ಹೊತ್ತು.

ಮೊದಲು ಹಣ ಸುರಿದದ್ದು ನಾಡಿ ಅಳೆಯುವ ಯಂತ್ರಕ್ಕೆ, ಸುಮಾರು 300 ಡಾಲರ್. ಬೆವರಿನಲ್ಲಿ ಅದರ ಪಟ್ಟಿ ಜಾರುತ್ತಿತ್ತು. ಸ್ಟೆತಸ್ಕೋಪಿನಲ್ಲಿ 58 ಕೇಳಿಸುವಾಗ ಪರದೆ 116 ತೋರಿಸುತ್ತಿತ್ತು. ಕುದುರೆಯ ಇಸಿಜಿಯಲ್ಲಿ ಟಿ ಅಲೆ (ಪ್ರತಿ ಬಡಿತದ ಕೊನೆಯಲ್ಲಿ ಬರುವ ಉಬ್ಬು) ದೊಡ್ಡದಾದ್ದರಿಂದ ಯಂತ್ರ ಒಂದು ಬಡಿತವನ್ನು ಎರಡೆಂದು ಎಣಿಸುವುದುಂಟು. ಈಗ ಕುದುರೆಯ ಎಡ ಮುಂಗಾಲಿನ ಮೊಣಕೈಯ ಹಿಂದೆ ಸ್ಟೆತಸ್ಕೋಪ್ ಇಟ್ಟು ಹದಿನೈದು ಸೆಕೆಂಡು ಎಣಿಸುತ್ತೇನೆ.

ನಿಜವಾಗಿ ಕೆಲಸ ಮಾಡಿದ್ದು ನೀರು. ಕೊನೆಯ ಅರ್ಧ ಮೈಲಿ ಇಳಿದು, ಜೀನಿನ ಪಟ್ಟಿ ಸಡಿಲಿಸಿ ನಡೆಸುತ್ತೇನೆ. ಬಂದೊಡನೆ ಜೀನು ತೆಗೆದು ಕುತ್ತಿಗೆ, ಎದೆ, ತೊಡೆಯ ಒಳಭಾಗ ಮಾತ್ರವಲ್ಲದೆ ಹಿಂಬದಿಯ ದೊಡ್ಡ ಸ್ನಾಯುಗಳ ಮೇಲೂ ಮಂಜುಗಡ್ಡೆ ಹಾಕಿದ ನೀರನ್ನು ನಿಲ್ಲಿಸದೆ ಸುರಿಯುತ್ತೇನೆ. ಮೈಮೇಲಿನ ನೀರನ್ನು ನಡುನಡುವೆ ಬಳಿದು ತೆಗೆಯುವುದಿಲ್ಲ. ಸ್ನಾಯು ಸೆಟೆದುಕೊಳ್ಳುತ್ತದೆ ಎಂದು ಹಿರಿಯ ಸವಾರರು ಹೆದರಿಸಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ನಡೆದ ಸಂಶೋಧನೆಗಳು ಕಾದ ಕುದುರೆಗೆ ತಣ್ಣೀರು ಹಾನಿಕರವಲ್ಲವೆಂದು ತೋರಿಸಿದ್ದವು. ಹಾಗಿದ್ದೂ ಆ ಭಯ ಹೋಗಿಲ್ಲ. ನಲವತ್ತು ಐವತ್ತು ಲೀಟರ್ ನೀರು, ಹತ್ತು ಡಾಲರಿನ ಮಂಜುಗಡ್ಡೆ: ಖರ್ಚು ಇಷ್ಟೇ.

ಇದು ದಣಿದ ಕುದುರೆಯನ್ನು ತಪಾಸಣೆ ದಾಟಿಸುವ ಕಣ್ಕಟ್ಟು ಎಂಬ ಆಕ್ಷೇಪಕ್ಕೆ ಸಿಆರ್‌ಐ (ಶ್ರಮದ ನಂತರ ಹೃದಯ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆಂದು ನೋಡುವ) ಪರೀಕ್ಷೆಯೇ ಉತ್ತರ. ಮೊದಲು ನಾಡಿ ಎಣಿಸಿ, 125 ಅಡಿ ಟ್ರಾಟ್ (ಮಧ್ಯಮ ವೇಗದ ಓಟ) ಮಾಡಿಸಿ, ಅಷ್ಟೇ ದೂರ ಹಿಂದಕ್ಕೆ ತಂದು, ಟ್ರಾಟ್ ಆರಂಭಿಸಿ ಒಂದು ನಿಮಿಷವಾದಾಗ ಮತ್ತೆ ಎಣಿಸಿದರೆ ನೋವು ಅಥವಾ ನೀರಿನ ಕೊರತೆಯುಳ್ಳ ಕುದುರೆಯ ನಾಡಿ ಸಾಮಾನ್ಯವಾಗಿ ಏರಿರುತ್ತದೆ. ಇದೇ ತಪ್ಪಲಿನಲ್ಲಿ ಎಲ್ ಡೊರಾಡೊ ಕಣಿವೆಯಿಂದ ಮೇಲಿನ ಊರಾದ ಮಿಷಿಗನ್ ಬ್ಲಫ್‌ಗೆ ಹತ್ತಿದ ಕಡು ಬೇಸಿಗೆಯ ದಿನವೂ ನನ್ನ ಕುದುರೆ 60ರಿಂದ 56ಕ್ಕೆ ಇಳಿಯಿತು. ಆ ಸಂಖ್ಯೆಯನ್ನು ಸಂದೇಹಪಟ್ಟವರಿಗೆಲ್ಲ ತೋರಿಸಿದ್ದೇನೆ.

ಸಂಗಾತಿ ಕುದುರೆ ಕಣ್ಣಿಗೆ ಬೀಳದಂತೆ ಹೋದರೆ ನಾಡಿ ಹತ್ತು ಹನ್ನೆರಡು ಏರುತ್ತದೆ, ಜೊತೆಗೇ ನಿಂತರೆ ಬೇಗ ಇಳಿಯುತ್ತದೆ ಎಂಬುದನ್ನೂ ಪರೀಕ್ಷಿಸಿ ಕಂಡುಕೊಂಡೆ. ಬೆವರಿನಲ್ಲಿ ಹೋಗುವ ಲವಣಗಳ ಮಿಶ್ರಣವನ್ನು ಯಾವಾಗ, ಎಷ್ಟು ಕೊಡುತ್ತೇನೆಂಬುದನ್ನು ಮಾತ್ರ ಬರೆಯಲಾರೆ. ನನ್ನೊಡನೆ ಸ್ಪರ್ಧಿಸುವವರೂ ಇದನ್ನು ಓದುತ್ತಾರೆ. ಚಳಿಗಾಲದ ಸವಾರಿಗಳಲ್ಲಿ ಕುತ್ತಿಗೆ ಮತ್ತು ಎದೆಗಷ್ಟೇ ನೀರು ಹಾಕಿ, ಹಿಂಬದಿಗೆ ಕಂಬಳಿ ಹೊದಿಸುತ್ತೇನೆ.