ಪುಟ್ಟ ಹಬೆ ಎಂಜಿನ್ನಿಗೆ ಬೆಂಕಿ ಹಾಕುವ ಮೊದಲು

ಅಡಿಗೆ ಒಂದು ಇಂಚಿನ ಅಳತೆಯಲ್ಲಿ, ಅಂದರೆ ಮೂಲ ಯಂತ್ರದ ಹನ್ನೆರಡನೆಯ ಒಂದು ಪಾಲಿನಷ್ಟು ಚಿಕ್ಕದಾಗಿ ಕಟ್ಟಿದ ಟ್ರ್ಯಾಕ್ಷನ್ ಎಂಜಿನ್ (ರಸ್ತೆಯ ಮೇಲೆ ತಾನೇ ನಡೆದು ಭಾರ ಎಳೆಯುವ ಹಬೆ ಯಂತ್ರ) ಮೇಜಿನ ಮೇಲೆ ಆಟಿಕೆಯಂತೆ ಕಂಡರೂ, ಅದರ ತಾಮ್ರದ ಬಾಯ್ಲರಿನಲ್ಲಿ ಸೇರುವ ಒತ್ತಡ ಆಟಿಕೆಯದಲ್ಲ. ಕುದುರೆಗಳು ಎಳೆದೊಯ್ಯಬೇಕಿದ್ದ ಹಬೆ ಎಂಜಿನ್ನಿಗೆ 1859ರಲ್ಲಿ ಇಂಗ್ಲೆಂಡಿನ ಥಾಮಸ್ ಅವೆಲಿಂಗ್ ಸರಪಳಿ ಜೋಡಿಸಿ ಅದು ತಾನೇ ನಡೆಯುವಂತೆ ಮಾಡಿದಾಗ ಇದ್ದ ಅಪಾಯವೇ ಇಲ್ಲಿಯೂ ಚಿಕ್ಕ ರೂಪದಲ್ಲಿದೆ.

ಬಹಳ ದಿನ ಸುಮ್ಮನಿದ್ದ ಬಾಯ್ಲರನ್ನು ಮೊದಲು ತಣ್ಣೀರಿನಲ್ಲಿ ಪರೀಕ್ಷಿಸಬೇಕು. ಗಾಳಿ ಉಳಿಯದಂತೆ ಪೂರ್ತಿ ನೀರು ತುಂಬಿ, ಒತ್ತಡ ಮಿತಿ ಮುಟ್ಟಿದಾಗ ಹಬೆಯನ್ನು ಹೊರಬಿಡುವ ಸೇಫ್ಟಿ ವಾಲ್ವಿನ ಜಾಗಕ್ಕೆ ಪ್ಲಗ್ ಹಾಕಿ, ಕೈ ಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಬೇಕು. ಚದರ ಇಂಚಿಗೆ 80 ಪೌಂಡ್ ಒತ್ತಡದ ಬಾಯ್ಲರಾದರೆ 120. ನೀರು ಒತ್ತಿದರೂ ಕುಗ್ಗುವುದು ಅತ್ಯಲ್ಪವಾದ್ದರಿಂದ ಬೆಸುಗೆ ಬಿಟ್ಟರೂ ಸಿಡಿಯುವುದಿಲ್ಲ, ಒತ್ತಡಮಾಪಕದ ಮುಳ್ಳು ಮಾತ್ರ ಕೆಳಗಿಳಿಯುತ್ತದೆ. ಗಾಳಿಯ ಕಂಪ್ರೆಸರನ್ನು ಈ ಕೆಲಸಕ್ಕೆ ಬಳಸಲೇಬಾರದು. ಹೊಂದುವ ಪ್ಲಗ್ ಸಿಗದಿದ್ದರೆ ಬೆಳಗಾವಿಯ ಉದ್ಯಮಬಾಗದಲ್ಲಿ ಯಾವುದಾದರೂ ಲೇಥ್ ಅಂಗಡಿಗೆ ಹಳೆಯ ವಾಲ್ವನ್ನು ಒಯ್ದು ಅದೇ ಥ್ರೆಡ್ಡಿಗೆ ಮಾಡಿಸಿಕೊಳ್ಳಬಹುದು.

ನೀರಿನ ವಿಷಯದಲ್ಲಿ ನಾನೇ ಎಡವಿದ್ದೇನೆ. ಬೋರ್‌ವೆಲ್ ನೀರು ಹಾಕಿ ಓಡಿಸಿದ್ದರಿಂದ, ಮನೆಯ ತಪೇಲಿಯ ತಳದಲ್ಲಿ ಕಟ್ಟುವಂಥದೇ ಬಿಳಿ ಪೊರೆ ಗಾಜಿನ ಮಟ್ಟಗೊಳವೆಯ ಕೆಳದಾರಿಯಲ್ಲಿ ಕಟ್ಟಿಕೊಂಡು, ಬಾಯ್ಲರಿನಲ್ಲಿ ನೀರು ಇಳಿದಿದ್ದರೂ ಗಾಜು ಅರ್ಧ ತುಂಬಿದೆ ಎಂದೇ ತೋರಿಸುತ್ತಿತ್ತು. ಅಂದಿನಿಂದ ಮುಂಗಾರಿನ ಮೊದಲ ಮಳೆಗಳು ಮಾಳಿಗೆ ತೊಳೆದ ಮೇಲೆ ಹಿಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿ ಇಟ್ಟುಕೊಳ್ಳುತ್ತೇನೆ. ಗಾಜಿನ ಕೆಳಗಿನ ಕಾಕನ್ನು, ಅಂದರೆ ಪುಟ್ಟ ನಲ್ಲಿಯನ್ನು, ತೆರೆದು ಮುಚ್ಚಿದಾಗ ನೀರು ತಟ್ಟನೆ ಮೊದಲ ಮಟ್ಟಕ್ಕೆ ಜಿಗಿಯಬೇಕು. ನಿಧಾನವಾಗಿ ಏರಿದರೆ ದಾರಿ ಕಟ್ಟಿದೆ ಎಂದರ್ಥ.

ಬೇರಿಂಗುಗಳಿಗೆ ಸಾಮಾನ್ಯ ಮಶೀನ್ ಎಣ್ಣೆ ಸಾಕು. ಸಿಲಿಂಡರಿಗೆ ಮಾತ್ರ ದಪ್ಪನೆಯ ಸ್ಟೀಮ್ ಆಯಿಲ್ ಬೇಕು, ಏಕೆಂದರೆ ತೆಳು ಎಣ್ಣೆಯನ್ನು ಹಬೆ ತೊಳೆದುಬಿಡುತ್ತದೆ.

ಗಾಜಿನಲ್ಲಿ ಮುಕ್ಕಾಲು ನೀರು ನಿಂತ ಮೇಲೆ, ಚಿಮಣಿಯ ಬಾಯಿಗೆ ಗಾಳಿ ಹೀರುವ ಚಿಕ್ಕ ಫ್ಯಾನ್ ಕೂರಿಸಿ, ಸೀಮೆಎಣ್ಣೆಯಲ್ಲಿ ನೆನೆಸಿದ ಕಟ್ಟಿಗೆ ಚೂರುಗಳನ್ನು ಹೊತ್ತಿಸಿ, ಅವುಗಳ ಮೇಲೆ ಕಡಲೆ ಗಾತ್ರದ ಇದ್ದಿಲನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಒತ್ತಡ 20–30 ಪೌಂಡಿಗೆ ಬಂದಾಗ ಫ್ಯಾನ್ ತೆಗೆದು ಚಿಮಣಿಯೊಳಗೆ ಹಬೆ ಚಿಮ್ಮಿಸಿ ಬೆಂಕಿಗೆ ಗಾಳಿ ಎಳೆಯುವ ಎಂಜಿನ್ನಿನ ಸ್ವಂತ ಬ್ಲೋವರ್ ತೆರೆಯಬಹುದು. ಒತ್ತಡ ಪೂರ್ಣವಾದಾಗ ಸೇಫ್ಟಿ ವಾಲ್ವ್ ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅಂದಿನ ಓಟ ಅಲ್ಲಿಗೇ ಮುಗಿಯಿತು. ಬೆಂಕಿ ಕೆದರಿ ತೆಗೆಯಿರಿ.

ಓಡಿಸುವ ಮೊದಲು ಗೇರ್ ಬಿಡಿಸಿ, ಸಿಲಿಂಡರಿನ ಡ್ರೇನ್ ಕಾಕುಗಳನ್ನು ತೆರೆದಿಟ್ಟು, ಹಬೆಯನ್ನು ಕೂದಲೆಳೆಯಷ್ಟೇ ಬಿಟ್ಟು ಫ್ಲೈವ್ಹೀಲನ್ನು ಕೈಯಿಂದ ತಿರುಗಿಸಿ. ತಣ್ಣಗಿರುವ ಸಿಲಿಂಡರಿನಲ್ಲಿ ಹಬೆ ನೀರಾಗಿ ನಿಂತಿರುತ್ತದೆ. ಅದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಪಿಸ್ಟನ್ ರಾಡ್ ಬಾಗುತ್ತದೆ ಇಲ್ಲವೇ ಮುಚ್ಚಳ ಬಿರಿಯುತ್ತದೆ. ಕಾಕುಗಳಿಂದ ಮೊದಲು ಪಿಚಕ್ಕನೆ ಎಣ್ಣೆ ಬೆರೆತ ಬೂದು ನೀರು, ಆಮೇಲೆ ನೀರು ಹಬೆ ಎರಡೂ, ಕಡೆಗೆ ಒಣ ಹಬೆ ಬರುತ್ತದೆ. ಒಣ ಹಬೆ ಬಂದ ಮೇಲೆಯೇ ಕಾಕು ಮುಚ್ಚಿ.

ಓಟ ಮುಗಿದ ನಂತರ ಬೆಂಕಿಗೆ ನೀರು ಸುರಿಯಬೇಡಿ. ಅದು ತಾನೇ ಆರಲಿ. ಒತ್ತಡ ಪೂರ್ತಿ ಇಳಿದ ಮೇಲೆ, ತಾಮ್ರ ಇನ್ನೂ ಬೆಚ್ಚಗಿರುವಾಗಲೇ ನೀರು ಹೊರಬಿಟ್ಟರೆ ಉಳಿದ ತೇವ ಒಳಗೇ ಒಣಗುತ್ತದೆ.