ಟಿಯರ್‌ಡ್ರಾಪ್ ಟ್ರೈಲರ್‌ನಲ್ಲಿ ಮಳೆಗಾಲದ ರಾತ್ರಿ: ಒಳಗೆ ಒಣಗಿರುವುದಕ್ಕೆ ನಾವು ಮಾಡುವುದು

ಮಳೆಗಾಲದಲ್ಲಿ ಟಿಯರ್‌ಡ್ರಾಪ್ ಟ್ರೈಲರ್‌ನಲ್ಲಿ ಮಲಗಿ ಎದ್ದಾಗ ಗೋಡೆಯ ಮೇಲೆ ಹನಿ, ಹಾಸಿಗೆಯ ಅಡಿಯಲ್ಲಿ ತೇವ ಕಂಡರೆ ಎಲ್ಲರೂ ಮೊದಲು ಚಾವಣಿ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತಾರೆ. ಎಷ್ಟೋ ಸಲ ಅದು ಮಳೆ ನೀರೇ ಅಲ್ಲ. ನಮ್ಮದೇ ಉಸಿರು.

ಈ ಟ್ರೈಲರ್ ನೋಡದವರಿಗೆ ಹೇಳುತ್ತೇನೆ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಗೂಡು ಇದು. ಇಬ್ಬರು ಮಲಗಬಹುದು, ನಿಲ್ಲುವುದಕ್ಕೆ ಆಗುವುದಿಲ್ಲ. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಜನ ಮನೆಯಲ್ಲೇ ಕಟ್ಟಿಕೊಳ್ಳಲು ಶುರು ಮಾಡಿದ್ದು. ನಮ್ಮದು 4 ಅಡಿ ಅಗಲ, 8 ಅಡಿ ಉದ್ದ, ಅಂದರೆ ಒಂದು ಪ್ಲೈವುಡ್ ಶೀಟಿನ ಅಳತೆ. ಮೈಸೂರಿನ ಒಂದು ವರ್ಕ್‌ಶಾಪ್‌ನಲ್ಲಿ ಮಾಡಿಸಿದೆವು.

ಮಲಗುವ ಜಾಗದಲ್ಲಿ ಇರುವ ಗಾಳಿ ಹೆಚ್ಚೆಂದರೆ 3 ಘನ ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳುವ ನೀರಾವಿ ಸುಮಾರು 17 ಗ್ರಾಂ. ಒಟ್ಟು 50 ಗ್ರಾಂ ಆಯಿತು, ಅಲ್ವಾ? ಆದರೆ ಇಬ್ಬರು ರಾತ್ರಿಯಿಡೀ ಉಸಿರಾಡಿ ಬೆವರಿದರೆ ಅರ್ಧ ಲೀಟರ್ ಹತ್ತಿರ ನೀರು ಗಾಳಿಗೆ ಸೇರುತ್ತದೆ. ಅದು ಎಲ್ಲಿಗೆ ಹೋಗಬೇಕು? ತಣ್ಣಗಿರುವ ಅಲ್ಯೂಮಿನಿಯಂ ಚೌಕಟ್ಟಿಗೆ, ಗಾಜಿಗೆ, ಹಾಸಿಗೆಯ ಅಡಿಗೆ. ಮಳೆ ಬರುತ್ತಿದೆ ಅಂತ ಕಿಟಕಿ ಮುಚ್ಚಿದಷ್ಟೂ ಒಳಗೆ ಒದ್ದೆ ಜಾಸ್ತಿ.

ಹಾಗಾಗಿ ಎಂಥ ಮಳೆಯಲ್ಲೂ ನಾವು ಪೂರ್ತಿ ಮುಚ್ಚಿಕೊಂಡು ಮಲಗುವುದಿಲ್ಲ. ಎರಡೂ ಕಡೆಯ ಕಿಟಕಿಗೆ ಮೇಲೆ ಸಣ್ಣ ಸಜ್ಜಾ ಹಾಕಿಸಿದ್ದೇವೆ. ಎರಡು ಬೆರಳಷ್ಟು ತೆರೆದಿಟ್ಟರೂ ಎರಚಲು ಒಳಗೆ ಬರುವುದಿಲ್ಲ. ಚಾವಣಿಯ ವೆಂಟ್‌ನಲ್ಲಿ 12 ವೋಲ್ಟ್‌ನ ಚಿಕ್ಕ ಫ್ಯಾನ್ ಇದೆ, ಅದು ಗಾಳಿಯನ್ನು ಹೊರಗೆ ದೂಡಬೇಕು, ಒಳಗೆ ಎಳೆಯಬಾರದು. ಎಲ್ಲ ಕಿಂಡಿಗೂ ಸೊಳ್ಳೆ ಪರದೆ ಕಡ್ಡಾಯ. ಮಂಡ್ಯದ ನಾಲೆ, ಗದ್ದೆ ಬಯಲಲ್ಲಿ ಪರದೆ ಇಲ್ಲದಿದ್ದರೆ ನೀವಾಗಿಯೇ ಕಿಟಕಿ ಮುಚ್ಚುತ್ತೀರಿ, ಆಮೇಲೆ ಮತ್ತೆ ಅದೇ ಕಥೆ.

ಹಾಸಿಗೆಯ ಅಡಿಗೆ ತೆಂಗಿನ ನಾರಿನ ಚಾಪೆ ಹಾಸಿದ್ದೇವೆ. ಪ್ಲೈವುಡ್ ಮೇಲೆ ನೇರವಾಗಿ ಫೋಮ್ ಹಾಸಿದರೆ ಮೈಯ ಬಿಸಿಗೆ ಕೆಳಗಿಳಿದ ಆವಿ ತಣ್ಣನೆಯ ಹಲಗೆಯ ಮೇಲೆ ನೀರಾಗಿ ನಿಲ್ಲುತ್ತದೆ, ದಿನ ಕಳೆದಂತೆ ಬೂಷ್ಟು ಹಿಡಿಯುತ್ತದೆ. ನಾರಿನ ಚಾಪೆಯಲ್ಲಿ ಗಾಳಿ ಆಡುತ್ತದೆ. ದುಬಾರಿ ಸಾಮಾನೇನೂ ಬೇಡ.

ಇನ್ನೊಂದು ಮಾತನ್ನು ತುಂಬ ಗಟ್ಟಿಯಾಗಿ ಹೇಳಬೇಕು. ಚಳಿ ಅಂತ ಒಳಗೆ ಗ್ಯಾಸ್ ಒಲೆ ಹಚ್ಚಬೇಡಿ, ಕೆಂಡ ಇಡಬೇಡಿ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ, ಅಂದರೆ ಬೆಚ್ಚಗಾಗುವ ಹೆಸರಲ್ಲಿ ಗೋಡೆ ತೋಯಿಸಿದಂತೆ. ಅದಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ನಿದ್ದೆಯಲ್ಲೇ ಜೀವ ಹೋಗುತ್ತದೆ. ಬೆಚ್ಚಗೆ ಇರುವುದಕ್ಕೆ ನಮಗೆ ಉಣ್ಣೆಯ ಕಂಬಳಿ ಇದೆ. ಸ್ವಲ್ಪ ತೇವವಾದರೂ ಕಂಬಳಿ ಬಿಸಿ ಬಿಡುವುದಿಲ್ಲ.

ನಿಜವಾದ ಸೋರಿಕೆಯೂ ಇರುತ್ತದೆ. ಅದು ಬಹುತೇಕ ಹಿಂದಿನ ಮುಚ್ಚಳದ ಹಿಂಜ್ ಹತ್ತಿರ, ಬಾಗಿಲಿನ ಮೇಲಂಚಿನಲ್ಲಿ, ವೆಂಟ್ ಸುತ್ತ. ತಲೆ ಮುಂದಕ್ಕೆ ಇಟ್ಟು ಮಲಗುವುದರಿಂದ ಟ್ರೈಲರ್‌ನ ಮೂಗನ್ನು ಒಂಚೂರು ಎತ್ತರಕ್ಕೆ ನಿಲ್ಲಿಸುತ್ತೇವೆ, ಆಗ ಚಾವಣಿಯ ನೀರೆಲ್ಲ ಸೀದಾ ಹಿಂಜ್ ಮೇಲೇ ಹರಿಯುತ್ತದೆ. ಅಲ್ಲಿ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಕಿ, ಮೇಲೆ ರಬ್ಬರ್ ಪಟ್ಟಿ ಹೊದಿಸಿದ್ದೇವೆ. ಬರೀ ಸಿಲಿಕಾನ್ ಬಳಿದು ಬಿಡುವುದು ನನಗೆ ಇಷ್ಟವಿಲ್ಲ, ಕಿತ್ತು ಬಂದ ಮೇಲೆ ಅದರ ಮೇಲೆ ಹೊಸ ಸಿಲಿಕಾನೂ ಸರಿಯಾಗಿ ಹಿಡಿಯುವುದಿಲ್ಲ, ಪೇಂಟೂ ಕೂರುವುದಿಲ್ಲ. ಬಾಗಿಲ ಮೇಲೆ ಅಲ್ಯೂಮಿನಿಯಂ ಪಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ಬಾಗಿಲು ತೆಗೆದ ತಕ್ಷಣ ಚಾವಣಿಯ ನೀರು ದಿಂಬಿನ ಮೇಲೆ. ಹೊರಡುವ ಮೊದಲು ಮನೆ ಮುಂದೆ ಪರೀಕ್ಷೆ: ಒಳಗಿನ ಅಂಚಿಗೆಲ್ಲ ಹಳೆ ಪೇಪರ್ ಇಟ್ಟು, ಒಬ್ಬರು ಮೇಲಿನಿಂದ ಪೈಪಿನಲ್ಲಿ ನೀರು ಬಿಡುವುದು, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರುವುದು. ಪೇಪರ್ ಎಲ್ಲಿ ನೆನೆಯಿತೋ ಅಲ್ಲಿ ಕೆಲಸ. ಪ್ಲೈವುಡ್ ಐಎಸ್ 710 ಗುರುತಿನ, ನೀರಿಗೆ ತಾಳುವ ಮರೀನ್ ಪ್ಲೈ ಆಗಿರಲಿ, ಇಲ್ಲಿ ದುಡ್ಡು ಉಳಿಸಬೇಡಿ.

ನಿಲ್ಲಿಸುವ ಜಾಗದ ಮೇಲೆ ಅರ್ಧ ಸುಖ ನಿಂತಿದೆ. ನಾವು ಸಾಮಾನ್ಯವಾಗಿ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಪರಿಚಯದವರ ತೋಟಗಳಲ್ಲಿ, ಅವರನ್ನು ಕೇಳಿಕೊಂಡು ಉಳಿಯುತ್ತೇವೆ. ಒಂದು ತೋಟದ ಯಜಮಾನರು ಗಾಡಿ ತಿರುಗಿಸುವಾಗಲೇ ಕೂಗಿ ಹೇಳಿದರು: "ತೆಂಗಿನ ಮರದ ಬುಡಕ್ಕೆ ಬ್ಯಾಡಿ ಸಾ, ಕಾಯಿ ಬಿದ್ರೆ ಏನ್ ಮಾಡೀರಿ?" ಅದು ಸರಿಯೇ. ಇನ್ನೊಂದು ಕಾರಣವೂ ಇದೆ. ಮಳೆ ನಿಂತ ಮೇಲೂ ಮರ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ, ಅಲ್ಯೂಮಿನಿಯಂ ಚಾವಣಿಯ ಮೇಲೆ ಆ ಸದ್ದಿಗೆ ನಿದ್ದೆ ಬರುವುದಿಲ್ಲ. ಗುಡುಗು ಇದ್ದರೆ ಒಂಟಿ ಮರದ ಹತ್ತಿರ ಸುಳಿಯಲೇಬೇಡಿ.

ಕೆಆರ್‌ಎಸ್ ಹಿನ್ನೀರಿನ ಕಡೆ ಹೋಗುವವರು ಜುಲೈ, ಆಗಸ್ಟ್‌ನಲ್ಲಿ ಇನ್ನೂ ಎಚ್ಚರ ಇರಬೇಕು. ಮಂಡ್ಯದಲ್ಲಿ ಬಿಸಿಲು ಕಾಯುತ್ತಿದ್ದರೂ ಕೊಡಗಿನಲ್ಲಿ ಸುರಿದ ಮಳೆಗೆ ಅಣೆಕಟ್ಟೆ 124.80 ಅಡಿಯ ಗರಿಷ್ಠ ಮಟ್ಟದ ಕಡೆ ಏರುತ್ತಿರುತ್ತದೆ, ಚಪ್ಪಟೆ ದಂಡೆಯಲ್ಲಿ ಸ್ವಲ್ಪ ಏರಿದರೂ ನೀರು ಬಹಳ ದೂರ ಹರಡುತ್ತದೆ. ದಂಡೆಯಿಂದ ದೂರ, ಎತ್ತರದ ಗಟ್ಟಿ ನೆಲ ಹುಡುಕಿ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಟ್ರೈಲರ್ ಮೂಗು ಆ ಕಡೆ ಇರಲಿ, ಆಗ ಹಿಂದಿನ ಅಡುಗೆ ಕಟ್ಟೆಗೆ ಮರೆ ಸಿಗುತ್ತದೆ. ಮೇ ಮತ್ತು ಅಕ್ಟೋಬರ್‌ನ ಸಂಜೆಯ ಗುಡುಗು ಮಳೆಗೆ ದಿಕ್ಕು ನಂಬುವ ಹಾಗಿಲ್ಲ, ಬಿರುಗಾಳಿ ಎದ್ದರೆ ಟ್ರೈಲರ್‌ಗೆ ಕಟ್ಟಿದ ಟಾರ್ಪಾಲ್ ಬಿಚ್ಚಿಬಿಡುತ್ತೇವೆ.

ಟಾರ್ಪಾಲನ್ನು ಒಂದು ಕಡೆಗೆ ಚೆನ್ನಾಗಿ ಇಳಿಜಾರು ಕೊಟ್ಟು ಕಟ್ಟಿ, ಮಧ್ಯೆ ಹೊಟ್ಟೆ ಬಿಡಬಾರದು. ಟ್ರೈಲರ್‌ಗೆ ಬರುವ ಹಗ್ಗದ ಮೇಲೆ ನೀರು ಜಾರಿಕೊಂಡು ಬರುತ್ತದೆ. ಅರ್ಧದಲ್ಲಿ ಒಂದು ತುಂಡು ಬಟ್ಟೆ ಕಟ್ಟಿ ಇಳಿಬಿಟ್ಟರೆ ಅಲ್ಲೇ ಕೆಳಗೆ ಸುರಿದುಹೋಗುತ್ತದೆ.

ಒದ್ದೆ ಬಟ್ಟೆ, ಛತ್ರಿ, ಚಪ್ಪಲಿ ಯಾವುದೂ ಒಳಗೆ ಬರುವುದಿಲ್ಲ. ಟಾರ್ಪಾಲ್ ಅಡಿಯಲ್ಲಿ ಮುಚ್ಚಳದ ಪ್ಲಾಸ್ಟಿಕ್ ಟಬ್, ಬಾಗಿಲಲ್ಲಿ ಗೋಣಿಚೀಲ. ಮಲಗುವ ಬಟ್ಟೆ ಬೇರೆ, ಅದನ್ನು ಹಾಕಿಕೊಂಡು ಹೊರಗೆ ಓಡಾಡುವಂತಿಲ್ಲ. ಇದರಲ್ಲಿ ನನ್ನ ಹೆಂಡತಿ ನನಗಿಂತ ಕಟ್ಟುನಿಟ್ಟು.

ವಾಪಸ್ ಬಂದ ಮೇಲೆ ಹಾಸಿಗೆ, ಚಾಪೆ ಎರಡನ್ನೂ ಬಿಸಿಲಿಗೆ ಹಾಕಿ, ಬಾಗಿಲುಗಳನ್ನು ಒಂದು ದಿನ ಪೂರ್ತಿ ತೆರೆದಿಡಿ. ಶೆಡ್‌ನಲ್ಲಿ ನಿಲ್ಲಿಸುವಾಗ ವೆಂಟ್ ಸ್ವಲ್ಪ ತೆರೆದಿರಲಿ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿದರೆ ತೇವ ಒಳಗೇ ಉಳಿದು ಪ್ಲೈವುಡ್ ಅಂಚು ಕೊಳೆಯುತ್ತದೆ, ಸುಮ್ನೆ ಒಂದು ಹಳೆ ಬಟ್ಟೆ ಹೊದಿಸಿದರೆ ಸಾಕು.