ಜರ್ಬೆರಾ ಮಡಿಯ ಉಪ್ಪನ್ನು ವಿದ್ಯುತ್ತಿನಿಂದ ಇಳಿಸಿದ ಬಗೆ

ಪುಣೆಯ ಹತ್ತಿರ ತಳೇಗಾಂವ್‌ನಲ್ಲಿರುವ ನಮ್ಮ ಪಾಲಿಹೌಸಿನ ಜರ್ಬೆರಾ ಹೂವಿನ ಮಡಿಗಳ ಮೇಲೆ ಕಳೆದ ಬೇಸಿಗೆಯಲ್ಲಿ ಬಿಳಿಯ ಪೊರೆ ಕಟ್ಟಿ, ಎಲೆಯಂಚುಗಳು ಸುಟ್ಟಂತಾದವು. ಧಾರವಾಡದಿಂದ ಬಂದಿದ್ದ ಅಪ್ಪ ‘ಸವಳು’, ಅಂದರೆ ಮಣ್ಣಿಗೆ ಉಪ್ಪೇರಿದೆ, ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮಳೆ ತಾಗದ ಮಣ್ಣಿಗೆ ಹನಿ ನೀರಾವರಿಯಲ್ಲಿ ವರ್ಷಗಟ್ಟಲೆ ಕ್ಯಾಲ್ಸಿಯಂ ನೈಟ್ರೇಟ್ ಕೊಟ್ಟರೆ, ಗಿಡ ಹೀರದೆ ಬಿಟ್ಟದ್ದು ಮೇಲ್ಪದರದಲ್ಲೇ ನಿಲ್ಲುತ್ತದೆ. ಹೆಚ್ಚು ನೀರು ಹಾಯಿಸಿ ತೊಳೆಯಬಹುದಿತ್ತು. ಆದರೆ ಆ ನೈಟ್ರೇಟ್ ಇಳಿಯುವುದು ನಾವೇ ಕುಡಿಯುವ ಬಾವಿಗೆ.

ಆದುದರಿಂದ ಖಾಲಿಯಿದ್ದ ಮಡಿಯೊಂದರಲ್ಲಿ, 60 ಸೆಂ.ಮೀ. ಅಂತರದಲ್ಲಿ, ತೂತು ಕೊರೆದ ಪಿವಿಸಿ ಕೊಳವೆಗಳನ್ನು ಎರಡು ಸಾಲಾಗಿ ಹುಗಿದು, ಒಳಗೆ ಸರಳುಗಳನ್ನಿಳಿಸಿ, ತೇವ ಆರದಂತೆ ನೋಡಿಕೊಂಡು 30 ವೋಲ್ಟ್ ನೇರ ವಿದ್ಯುತ್ ಹರಿಸಿದೆ. ಉಪ್ಪಿನಲ್ಲಿರುವ ನೈಟ್ರೇಟ್, ಕ್ಲೋರೈಡ್‌ಗಳು ಧನಾಗ್ರದತ್ತಲೂ (ಪ್ಲಸ್ ಸರಳು) ಸೋಡಿಯಂ, ಕ್ಯಾಲ್ಸಿಯಂಗಳು ಋಣಾಗ್ರದತ್ತಲೂ (ಮೈನಸ್ ಸರಳು) ಸರಿದು ಕೊಳವೆಗಳ ನೀರಿಗೆ ಸೇರುತ್ತವೆ.

ಮೊದಲು ಹಾಕಿದ್ದು ಕಬ್ಬಿಣದ ಸರಳು. ಅದು ನನ್ನ ಜಿಪುಣತನ. ವಾರದೊಳಗೆ ಧನಾಗ್ರದ ಸರಳುಗಳು ಪೆನ್ಸಿಲ್ಲಿನಂತೆ ಸವೆದು, ಕೊಳವೆಗಳಲ್ಲಿ ತುಕ್ಕಿನ ರಾಡಿ ತುಂಬಿತ್ತು. ಗ್ರಾಫೈಟಿಗೆ ಬದಲಾಯಿಸಿದ ಮೇಲೆ ಇನ್ನೊಂದು ತೊಡಕು: ನೀರು ವಿಭಜನೆಯಾಗುವುದರಿಂದ ಧನಾಗ್ರದ ಬಳಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 4ಕ್ಕೆ ಕುಸಿದು ಹುಳಿಯಾಯಿತು, ಎದುರು ಬದಿಯಲ್ಲಿ 9 ದಾಟಿ ಕ್ಷಾರವಾಯಿತು, ಜೊತೆಗೆ ಬ್ಲೀಚಿಂಗ್ ಪುಡಿಯ ವಾಸನೆ. ಧ್ರುವಗಳನ್ನು ಅದಲುಬದಲು ಮಾಡಿದರೆ ಪಿಎಚ್ ಸರಿಹೋಗುತ್ತಿತ್ತು, ಆದರೆ ಹೊರಟಿದ್ದ ಲವಣವೂ ಮಣ್ಣಿಗೆ ಮರಳುತ್ತಿತ್ತು. ಪ್ರತಿ ಬಾರಿ ಬದಲಿಸುವ ಮುನ್ನ ಎರಡೂ ಸಾಲಿನ ಕೊಳವೆಗಳ ನೀರನ್ನು ಪೂರ್ತಿ ಹೀರಿ ತೆಗೆದು, ಹೊಸ ನೀರು ತುಂಬಿದಾಗಲೇ ಕೆಲಸ ಹಿಡಿತಕ್ಕೆ ಬಂದದ್ದು.

ಮೂರು ವಾರಗಳಲ್ಲಿ, ಉಪ್ಪಿನ ಪ್ರಮಾಣವನ್ನು ಸೂಚಿಸುವ ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4.2ರಿಂದ 1.9 ಡೆಸಿಸೀಮನ್ಸ್‌ಗೆ ಇಳಿಯಿತು. ಹೀರಿದ ನೀರನ್ನು ಬಾವಿಯಿಂದ ದೂರ, ಪ್ಲಾಸ್ಟಿಕ್ ಹಾಸಿದ ತೊಟ್ಟಿಯಲ್ಲಿ ಒಣಗಿಸುತ್ತಿದ್ದೇನೆ.